ಉಪ್ಪುಸೊಪ್ಪಿಗೆ ಉಪ್ಪು ಹಾಕಿದ್ದು

'ಕೈ ಅಂದಾಜು' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ.

ರಾಜ್ಯ ಒಂದಾದ ಮರುವರ್ಷದ ಬೇಸಿಗೆ. ಸಿದ್ದಾಪುರ ಪೇಟೆಯಲ್ಲಿ ನಮ್ಮದು ಬಾಡಿಗೆ ಮನೆ. ಎರಡನೆಯ ಹೆರಿಗೆಯಾಗಿ ತಿಂಗಳಾಗಿದ್ದ ನನ್ನ ಹೆಂಡತಿಗೆ ಸಂಜೆಯಾದರೆ ಕಣ್ಣು ಕಾಣುತ್ತಿರಲಿಲ್ಲ. ಒಂದು ದಿನ ಕೂಸನ್ನೆತ್ತಿಕೊಂಡೇ ಹೊಸ್ತಿಲು ಎಡವಿದಳು. ಗೋಡೆ ಅಡ್ಡ ಇದ್ದದ್ದು ಪುಣ್ಯ. ಡಾಕ್ಟರು ಮೀನೆಣ್ಣೆ ಬರೆದುಕೊಟ್ಟರು. ಬಾಣಂತನಕ್ಕೆಂದು ಬಂದಿದ್ದ ನನ್ನ ದೊಡ್ಡಮ್ಮ ಆ ಸೀಸೆಯನ್ನು ಮೆಟ್ಟಿಲ ಮೇಲೇ ತಡೆದಳು. "ಹಾಗಾದರೆ ಹಸಿರು ಸೊಪ್ಪಾದರೂ ತಿನ್ನಿಸಿ, ಕಣ್ಣು ಹೋದೀತು" ಎಂದರು ಡಾಕ್ಟರು. ಬಾಣಂತಿಗೆ ಸೊಪ್ಪು ಶೀತವಂತೆ, ಅದೂ ಇಲ್ಲ. ನಾನೇನು ಮಾಡಿದೆ? ಚಿಂತೆ ಮಾಡಿದೆ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಸುದ್ದಿ ತಿಳಿದು ಹೆಂಡತಿಯ ತಾಯಿ ಕುಮಟೆಯಿಂದ ಬಸ್ಸು ಹತ್ತಿ ಬಂದರು. ಒದ್ದೆ ಬಟ್ಟೆಯಲ್ಲಿ ಒಂದು ಹೊರೆ ಸೊಪ್ಪು. ಸಮುದ್ರದ ನೀರು ಬಂದುಹೋಗುವ ಗಜನಿ ಗದ್ದೆಯ ಏರಿಯಲ್ಲಿ ಬೆಳೆದದ್ದು. ಸಣ್ಣ ದಪ್ಪ ಎಲೆ, ಮುರಿದರೆ ರಸ. ಘಟ್ಟದ ಮೇಲೆ ಹರಿವೆ ಒಣಗಿದಾಗಲೂ ಅದು ಹಸಿರಂತೆ.

"ಬೇಯಿಸಿ ನೀರು ಬಸ್ದು ಚೆಲ್ಲವು. ಒಂದು ಹರಳು ಉಪ್ಪೂ ಹಾಕಡಿ, ಸಮುದ್ರ ಇದರೊಳಗೇ ಇದ್ದು" ಎಂದು, ಉಪ್ಪು ಹಾಕಬಾರದೆಂಬುದನ್ನು ನನಗೆ ಮಾತ್ರ ಹೇಳಿದರು. ದೊಡ್ಡಮ್ಮನಿಗೆ ಬೀಗಿತ್ತಿ ಪಾಠ ಹೇಳುವುದುಂಟೇ?

ನಾನಾದರೂ ಹೇಳಬೇಕಿತ್ತು. ಅಡಿಗೆಮನೆ ಬಾಗಿಲಿಗೆ ಮೂರು ಸಲ ಹೋದೆ. "ಎಂತಾ ತಮಾ?" "ನೀರು ಬೇಕಾಗಿತ್ತು." ಮೂರು ಸಲವೂ ನೀರು ಕುಡಿದು ಬಂದೆ.

"ಮೊದ್ಲು ನೀ ತಿಂದು ತೋರ್ಸು, ಮತ್ತೆ ಬಾಣಂತಿಗೆ" ಎಂದು ದೊಡ್ಡಮ್ಮ ಒಪ್ಪಿ ಪಲ್ಯ ಮಾಡಿದಳು. ನಮ್ಮಲ್ಲಿ ನೈವೇದ್ಯಕ್ಕೆ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ. ಉಪ್ಪೆಲ್ಲ ಕೈ ಅಂದಾಜು. ಮೂವತ್ತು ವರ್ಷ ತಪ್ಪದ ಕೈ. ದೇವರು ಏನೂ ಅನ್ನಲಿಲ್ಲ. ನಾನು ಒಂದು ತುತ್ತು ಬಾಯಿಗಿಟ್ಟು ಬಚ್ಚಲಿಗೆ ಓಡಿದೆ.

"ನೋಡಿದ್ಯಾ! ವಿಷ!" ಎಂದು ದೊಡ್ಡಮ್ಮ ಪಾತ್ರೆಯನ್ನೇ ಗೊಬ್ಬರಗುಂಡಿಗೆ ಬಗ್ಗಿಸಿದಳು. ಹೆಂಡತಿಯ ತಾಯಿ ನನ್ನ ಮುಖ ನೋಡಿದರು. ನಾನು ಕಂಬ ನೋಡಿದೆ. ಅವರು ಮಧ್ಯಾಹ್ನದ ಬಸ್ಸಿಗೇ ಹೊರಟರು. "ಕಣ್ಣು ಕಾಣದೇ ಇಪ್ಪದು ಮಗಳಿಗೊಬ್ಬಳಿಗೇ ಹೇಳಿ ತಿಳ್ಕಂಡಿದ್ದೆ" ಎಂದಷ್ಟೇ ಹೇಳಿದರು.

ಬಸ್ಸು ಹೋದ ಮೇಲೆ ನೋಡಿದರೆ ನನ್ನ ಹೆಂಡತಿ ಬಚ್ಚಲೊಲೆಯ ಮುಂದೆ ಕೂತು, ಉಳಿದಿದ್ದ ಸೊಪ್ಪನ್ನು ಬಸಿಯುತ್ತಿದ್ದಳು. ಉಪ್ಪಿಲ್ಲ, ತವರಿನ ರೀತಿ. ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅಳುತ್ತಲೂ ಇದ್ದಳು. ಹಿಂದೆಯೇ ದೊಡ್ಡಮ್ಮ ಬಂದಳು.

"ಅಯ್ಯೋ! ಬಿಡ್ಸಾ ತಮಾ!"

"ಬಿಡ್ಸ್ತಿಲ್ಲೆ!" ಅಷ್ಟು ದೊಡ್ಡ ದನಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. "ಉಪ್ಪು ಹಾಕಡಿ ಹೇಳಿ ಅವ್ರು ಹೇಳಿದ್ರು. ಆನು ನಿನಗೆ ಹೇಳಿದ್ನಿಲ್ಲೆ. ವಿಷ ಸೊಪ್ಪಿನಲ್ಲಿಲ್ಲೆ, ನನ್ನ ಬಾಯಲ್ಲಿದ್ದು!"

ಮೂರನೆಯ ದಿನ ದೊಡ್ಡಮ್ಮ, "ಸೊಪ್ಪು ಮುಗತ್ತು. ಕುಮಟೆಗೆ ಹೋಗ್ತ್ಯೋ, ಇಲ್ಲೇ ನೀರು ಕುಡೀತಾ ಇರ್ತ್ಯೋ?" ಎಂದಳು. ಹೋದೆ. ಬೈಸಿಕೊಂಡೆ. ಎರಡು ಹೊರೆ ತಂದೆ.

ಹತ್ತು ಹನ್ನೆರಡು ದಿನವಾಗಿರಬೇಕು. ದೀಪ ಹಚ್ಚುವ ಮೊದಲು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಹೆಂಡತಿ ಒಳಗಿನಿಂದ ದಿಟ್ಟಿಸಿದಳು.

"ಅಂಗಿ ಗುಂಡಿ ತಪ್ಪಿ ಹಾಕ್ಕಂಡಿದ್ರಿ" ಎಂದಳು. ನಗಲಿಲ್ಲ.