ಕಾತ್ರಜಕ್ಕೆ ಇಪ್ಪತ್ತು ಜಪಮಾಲೆ

ಟಪ್... ಟಪ್... ಟಪ್. ಟಾಂಗಾದ ಗಾಲಿಗೆ ಅಪ್ಪ ಕಟ್ಟಿದ್ದ ಚರ್ಮದ ಪಟ್ಟಿ ಸುತ್ತಿಗೊಮ್ಮೆ ಹಲಗೆಗೆ ಬಡಿಯುತ್ತಿದ್ದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಯುದ್ಧ ಶುರುವಾಗುವ ಮುಂಚಿನ ಮಾತು. ಅಪ್ಪ ನನ್ನನ್ನೂ ತಮ್ಮ ವಾಸುವನ್ನೂ ಪುಣೆಯ ಕಾನ್ವೆಂಟ್ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದರು. ಪುಸ್ತಕ ಆಮೇಲೆ, ಮೊದಲು ಎಕ್ಸ್‌ಪೆರಿಮೆಂಟ್. ಅದು ಅವರ ಮೆಥಡ್.

ಇದನ್ನು ಕೇಳಿ ಅಮ್ಮನ ಅಣ್ಣ ರಾಘಣ್ಣ ಮಾಮಾ ನಮ್ಮನ್ನು ಧಾರವಾಡಕ್ಕೆ ಒಯ್ದು ಶಾಲೆಗೆ ಹಾಕಲೆಂದೇ ಬಂದಿದ್ದರು. ಟ್ರಂಕು ಕಟ್ಟಿಯಾಗಿತ್ತು. ಕೊನೆಗೊಂದು ಒಪ್ಪಂದವಾಯಿತು. ಐದು ಮೈಲಿ ದಾರಿಯನ್ನು ನಾವು ಗಾಲಿಯಿಂದ ಅಳೆಯಬೇಕು. ನಮ್ಮ ಲೆಕ್ಕ ಮೈಲಿಗಲ್ಲಿನ ಲೆಕ್ಕಕ್ಕೆ ಕೂಡಿದರೆ ಮನೆ, ಇಲ್ಲವಾದರೆ ಧಾರವಾಡದ ಸಂಜೆ ಗಾಡಿ.

ಡಿಸೆಂಬರಿನ ಚಳಿ. ಹೋಗಿ ಬರಲು ಒಂದೂವರೆ ರೂಪಾಯಿಗೆ ಗೊತ್ತುಮಾಡಿದ ಟಾಂಗಾ ಸ್ವಾರಗೇಟ ದಾಟಿ ಒಂದು ಮೈಲಿಗಲ್ಲಿನ ಬಳಿ ನಿಂತಿತು. ಗಾಲಿಯ ಸುತ್ತಳತೆಯನ್ನು ದಾರ ಹಿಡಿದು ಅಳೆದೆವು: ಹನ್ನೆರಡು ಅಡಿ. ಹೊರಟ ಸ್ವಲ್ಪ ಹೊತ್ತಿಗೇ ವಾಸುವಿನ ಎಣಿಕೆ ಎಂಬತ್ತೊಂದು, ನನ್ನದು ಎಪ್ಪತ್ತೊಂಬತ್ತು. ಜಗಳವಾಡಿ ಮತ್ತೆ ಕಲ್ಲಿಗೇ ಬಂದೆವು.

"ನೀವು ಜಗಳಾಡ್ಕೋತ ಕೂಡ್ರಿ, ನಾ ಎಣಸ್ತೀನಿ" ಎಂದು ಜೊತೆಗೆ ಬಂದಿದ್ದ ಅಜ್ಜಿ, ಅಪ್ಪನ ತಾಯಿ, ಜಪಮಾಲೆ ತೆಗೆದಳು. ಬಡಿತಕ್ಕೊಂದು ಮಣಿ. ಮಾಲೆ ಮುಗಿದಾಗಲೆಲ್ಲ "ನೂರು!" ಎನ್ನುವಳು; ನಾನು ಸ್ಲೇಟಿನ ಮೇಲೆ ಗೆರೆ ಎಳೆಯುವೆ.

"ಅಮ್ಮಾರ, ಇವತ್ತ ಗಾಲಿಗೂ ಮೋಕ್ಷ ಸಿಗ್ತದ್ರಿ" ಎಂದರು ಮಾಮಾ.

"ಸುಮ್ನ ಕೂಡಪಾ, ಮಣಿ ತಪ್ತದ."

ಕಾತ್ರಜ ಘಾಟಿನ ಬುಡದಲ್ಲಿ ಐದು ಮೈಲಿ ಮುಗಿಯಿತು. ಇಪ್ಪತ್ತು ಗೆರೆ, ಮೇಲೆ ನಲವತ್ತು ಮಣಿ; ಒಟ್ಟು ಎರಡು ಸಾವಿರದ ನಲವತ್ತು ಸುತ್ತು. ಗುಣಿಸಿದರೆ ಐದು ಮೈಲಿಗೆ ಆರುನೂರ ನಲವತ್ತು ಗಜ ಕಡಿಮೆ!

"ಏನ್ರಿ ಭಾವಾ, ಸರಕಾರದ ಕಲ್ಲು ಸುಳ್ಳ ಹೇಳ್ತದೇನ್ರಿ?" ಮಾಮಾ ನಕ್ಕರು. ಅಪ್ಪ ಗಾಲಿಯನ್ನು ಇನ್ನೊಮ್ಮೆ ಅಳೆದರು. ಹನ್ನೆರಡೇ ಅಡಿ. ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ; ತಿಂದವರು ಮಾಮಾ ಒಬ್ಬರೇ. ವಾಸು ಅಳತೊಡಗಿದ. ನಾನು ಅಜ್ಜಿಯ ತೊಡೆಗೆ ಒರಗಿ, ಬೇಸರಕ್ಕೆ ಮಾಲೆಯ ಮಣಿ ಎಣಿಸಿದೆ.

"ಅಜ್ಜಿ, ಇದರಾಗ ನೂರಾ ಎಂಟು ಅವ!"

"ಎಲ್ಲಾರ ಮಾಲಿಯೊಳಗೂ ಅಷ್ಟ ಇರ್ತಾವ."

"ಮತ್ತ ನೂರು ಅಂದ್ಯಲ್ಲ?"

"ತಪ್ಪಿದ್ದು ಒಪ್ಪಿದ್ದು ಅಂತ ಎಂಟು ಮಣಿ ದೇವರಿಗೆ ಬಿಡಬೇಕು. ನಿಮ್ಮ ಸಿಸ್ಟರುಗಳು ಇಷ್ಟೂ ಕಲಿಸಿಲ್ಲೇನ?"

ಸ್ಲೇಟು ಎಳೆದುಕೊಂಡೆ. ಇಪ್ಪತ್ತು ಮಾಲೆಗೆ ಬಿಟ್ಟುಹೋದದ್ದು ನೂರ ಅರವತ್ತು. ಕೂಡಿಸಿದರೆ ಎರಡು ಸಾವಿರದ ಇನ್ನೂರು ಸುತ್ತು. ಐದು ಮೈಲಿ, ಎಗ್ಜಾಕ್ಟ್! ಅಪ್ಪ ರಸ್ತೆಯಲ್ಲೇ ಕುಣಿದರು. ಏನೂ ತಿಳಿಯದ ಟಾಂಗಾವಾಲಾ ಕೂಡ ಚಪ್ಪಾಳೆ ತಟ್ಟಿದ.

ಸಂಜೆ ಮಾಮಾನನ್ನು ಕಳಿಸಲು ಸ್ಟೇಶನ್ನಿಗೆ ಹೋದೆವು. ಅವರಿಗೆ ಮಕ್ಕಳಿರಲಿಲ್ಲ. ಕಿಟಕಿಯಿಂದ ಬಗ್ಗಿ, "ನಿಮ್ಮ ಮಾಮಿ ಎರಡು ಹೊಸಾ ಹಾಸಿಗಿ ಹೊಲಿಸ್ಯಾಳ. ಆಕಿಗೆ ಏನಂತ ಹೇಳ್ಲಿ?" ಎಂದು ಕೇಳಿದರು.

"ಐದು ಮೈಲಿ ಅಂತ ಹೇಳ್ರಿ ಮಾಮಾ!" ಎಂದೆ, ಗೆದ್ದ ಸೊಕ್ಕಿನಲ್ಲಿ.

ಅವರು ನಕ್ಕರು. ಗಾಡಿ ಅಲುಗಿತು. ಒಳಗೆ ಯಾರೋ ಜಾಗ ಕೇಳುತ್ತಿದ್ದರು. ಮಾಮಾ ಪಕ್ಕದ ಸೀಟಿಗೆ ಹಾಸಿದ ಪಂಚೆಯ ಮೇಲೆ ಕೈಯಿಟ್ಟು, ಇಲ್ಲಿ ಮಕ್ಕಳು ಬರುವವರಿದ್ದಾರೆ ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ನಾನು ಅವರನ್ನು ಕಡೆಯ ಸಲ ಕಂಡದ್ದು ಹಾಗೆ.