ಅಟ್ಟದ ಕಾಯಿ, ಥರ್ಮಾಕೋಲ್ ಅಣೆಕಟ್ಟು

ನಿಮ್ಮ ವಿಜ್ಞಾನದ ಮಿಸ್ ಅವತ್ತು ನನಗೆ ಫೋನ್ ಮಾಡಿರಲೇ ಇಲ್ಲ, ಪಲ್ಲವಿ. ಸುಳ್ಳು ಹೇಳಿದವಳು ನಾನು — ನಿನ್ನ ಅಮ್ಮ.

ನೀನಾಗ ಏಳನೇ ಕ್ಲಾಸು. ಚನ್ನರಾಯಪಟ್ಟಣದ ನಿಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಕೊಬ್ಬರಿಗೆಂದು ಅಟ್ಟದ ಮೇಲೆ ಹಾಕಿದ್ದ ತೆಂಗಿನಕಾಯಿಗಳಲ್ಲಿ ನಾಲ್ಕನ್ನು ನೀನೇ ಆರಿಸಿದ್ದೆ. ಒಂದು ಆಗತಾನೆ ಹಾಕಿದ್ದು, ಒಂದರಲ್ಲಿ ನೀರು ಕುಲುಕುತ್ತಿತ್ತು, ಇನ್ನೊಂದರಲ್ಲಿ ನೀರು ಇಂಗುತ್ತಿತ್ತು, ಕೊನೆಯದರಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತಿತ್ತು. ಬಂದವರು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೇನಾಗಿದೆ ಎಂದು ಹೇಳಬೇಕು. ಯಾರೂ ಹೇಳಿಕೊಟ್ಟದ್ದಲ್ಲ. ವಾರವೆಲ್ಲ ಏಣಿ ಹತ್ತಿ ಇಳಿದು, ತಲೆತುಂಬ ಧೂಳು ಮಾಡಿಕೊಂಡು, ಊಟಕ್ಕೆ ಕರೆದರೂ ಬರುತ್ತಿರಲಿಲ್ಲ ನೀನು.

ನನಗೋ — ನಾಚಿಕೆ. ಬೇರೆ ಮಕ್ಕಳು ದೀಪ ಹತ್ತುವ ಮಾಡೆಲ್ ತರುವಾಗ ನನ್ನ ಮಗಳು ಚೀಲದಲ್ಲಿ ಕಾಯಿ ಹೊತ್ತು ಹೋಗುವುದೇ! ನಿನಗೆ ಹೇಳದೆ ಹಾಸನಕ್ಕೆ ಹೋಗಿ ಥರ್ಮಾಕೋಲಿನ ಅಣೆಕಟ್ಟು ಮಾಡಿಸಿ ತಂದೆ. ಬೆಳಿಗ್ಗೆ ಅದನ್ನು ಕಂಡು, ಕಾಯಿಯನ್ನೇ ಒಯ್ಯುತ್ತೇನೆಂದು ನೀನು ಹಟ ಹಿಡಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

"ನಿಮ್ಮ ಮಿಸ್ಸೇ ಫೋನ್ ಮಾಡಿದ್ರು ಕಣೇ. ಕಾಯಿಗೀಯಿ ಎಲ್ಲಾ ತರ್ಬ್ಯಾಡ, ಅದು ವಿಜ್ಞಾನ ಅಲ್ಲ ಅಂದ್ರು."

"ಮಿಸ್ಸೇ ಅಂಗಂದ್ರಾ?"

"ಊಂ, ಮಿಸ್ಸೇ."

ನೀನು ಚೀಲದಿಂದ ಕಾಯಿಗಳನ್ನು ತೆಗೆದಿಟ್ಟು, ಅಣೆಕಟ್ಟು ಎತ್ತಿಕೊಂಡು ಬಸ್ಸಿಗೆ ಹೋದೆ. ಅಣೆಕಟ್ಟಿಗೆ ಬಹುಮಾನ ಬಂತು, ನಾನದನ್ನು ಶೋಕೇಸಿನಲ್ಲಿಟ್ಟೆ.

ಅದೇ ಸಂಜೆ ಮಿಸ್ ನಿಜವಾಗಿಯೂ ಫೋನ್ ಮಾಡಿದರು. "ಅವಳ ಕಾಯಿಗೆ ಅಂತಲೇ ಒಂದು ಮೇಜು ಬಿಟ್ಟಿದ್ದೆ ಕಣಮ್ಮ. ಯಾಕೆ ತರ್ಲಿಲ್ಲ ಅಂದ್ರೆ ಮುಖ ಕೊಟ್ಟು ಮಾತೇ ಆಡ್ಲಿಲ್ಲ."

ಆಗಲಾದರೂ ಬಾಯಿ ಬಿಡಬಹುದಿತ್ತು. "ಅವಳಿಗೇ ಬ್ಯಾಡ ಅನ್ನಿಸ್ತಂತೆ ಮೇಡಂ" ಅಂದುಬಿಟ್ಟೆ.

ಮಿಸ್, ಮಿಸ್ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳು ನೀನು, ಆಮೇಲೆ ಅವರ ಹೆಸರೆತ್ತಲಿಲ್ಲ. ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದನ್ನೂ ನೀನು ಬಿಟ್ಟೆ. ಅಂಕ ಇಳಿಯಿತು. ನಾನು ಟ್ಯೂಷನ್ ಹಾಕಿದೆ, ಪಕ್ಕದಲ್ಲೇ ಕೂತು ಬೈದೆ, ಪೋಷಕರ ಸಭೆಯಲ್ಲಿ ಎಲ್ಲರೆದುರು ಆ ಮಿಸ್ ಮೇಲೆಯೇ ಹರಿಹಾಯ್ದೆ — ನೀವು ಸರಿಯಾಗಿ ಪಾಠ ಮಾಡುವುದಿಲ್ಲ ಎಂದು! ಛೀ, ನನ್ನ ಬಾಯಿಗಿಷ್ಟು ಮಣ್ಣು ಬೀಳ.

ಈಗ ನಿನ್ನ ಪಿಯುಸಿ ಮುಗಿದಿದೆ. ಮುಂದೆ ಏನು ಓದುತ್ತೀಯೆ ಎಂದು ಕೇಳಿದರೆ, "ನೀನೇ ಹೇಳಮ್ಮ" ಅನ್ನುತ್ತೀಯೆ. ಸೀರೆಯ ಬಣ್ಣ ಕೇಳಿದರೂ ಅದೇ ಮಾತು. ಇವಳಿಗೆ ಸ್ವಂತಕ್ಕೆ ಒಂದು ಆಸೆಯೂ ಇಲ್ಲವಲ್ಲ ಎಂದು ಮೈಯೆಲ್ಲ ಉರಿಯುತ್ತದೆ — ಆಮೇಲೆ ನೆನಪಾಗುತ್ತದೆ, ಆಸೆಯಿಂದ ಏಣಿ ಹತ್ತುತ್ತಿದ್ದವಳನ್ನು ಕೆಳಗಿಳಿಸಿದ್ದು ಯಾರು ಎಂದು. ನಿನ್ನ ಒಳ್ಳೆಯದಕ್ಕೆ ಮಾಡಿದೆ ಅನ್ನಲಾರೆ. ನನ್ನ ಮರ್ಯಾದೆಗೆ ಮಾಡಿಕೊಂಡೆ.

ಇವತ್ತು ನಿನಗೆ ಹೇಳಿದ್ದೇನೆ. ನಾಳೆ ಮಿಸ್ ಮನೆಗೆ ಹೋಗಿ ಅವರಿಗೂ ಹೇಳುತ್ತೇನೆ. ನೀನು ಜೊತೆಗೆ ಬರಬೇಕೋ ಬೇಡವೋ — ಅದನ್ನು ಮಾತ್ರ ನನ್ನನ್ನು ಕೇಳಬೇಡ.