ನಾನು ನಿಲ್ಲಿಸಿದ ಗೂಡ್ಸ್ ಗಾಡಿ

ಮಳೆಗಾಲ ಮುಗಿದು ಬಿಸಿಲು ಬಿತ್ತೆಂದರೆ ಪುಣೆಯ ನಮ್ಮ ಸದಾಶಿವ ಪೇಠದ ಮನೆಗಳ ಗ್ಯಾಲರಿಗಳಲ್ಲಿ ಹಾಸಿಗೆ ಹೊದಿಕೆಗಳದ್ದೇ ಜಾತ್ರೆ. ಮೊನ್ನೆ ಸೊಸೆ ಅಟ್ಟದ ಟ್ರಂಕು ಇಳಿಸಿದಳು. ಹಳೆಯ ಧೋತರದಲ್ಲಿ ಸುತ್ತಿಟ್ಟ ಗಂಟೊಂದನ್ನು ಎತ್ತಿ ಹಿಡಿದು, "ಅತ್ತಿ, ಈ ಕೌದಿ ನೀವು ಒಂದಿನಾನೂ ಹೊದಕೊಂಡಿಲ್ಲ. ಯಾರಿಗರ ಕೊಟ್ಟುಬಿಡೂಣೇನ್ರಿ?" ಎಂದಳು.

ಡಾಂಬರು ಗುಳಿಗೆಯ ಘಾಟಿನ ಕೆಳಗಿನಿಂದ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂತು. ಬಂತೋ, ನನಗೆ ಹಾಗೆ ಅನ್ನಿಸಿತೋ, ದೇವರೇ ಬಲ್ಲ. ನನ್ನ ಮದುವೆಗೆ ಬಂದ ಉಡುಗೊರೆ ಅದು. ಇಷ್ಟು ವರ್ಷ ನಾನು ಅದರ ಗಂಟು ಬಿಚ್ಚಿರಲಿಲ್ಲ. ಕೌದಿಗೆ ಹೆದರುವವರೂ ಇದ್ದಾರೆಯೇ ಎಂದು ನಗಬೇಡಿ. ಕಳುಹಿಸಿದವಳು ನೀಲಕ್ಕ ಎಂದು ಗೊತ್ತಾದ ಕೂಡಲೇ ನನ್ನ ಕೈ ಹಿಂದೆ ಸರಿದಿತ್ತು.

ನನ್ನಪ್ಪ ರೈಲ್ವೆ ಗಾರ್ಡು. ಹುಬ್ಬಳ್ಳಿಯಿಂದ ವರ್ಗವಾಗಿ ಪುಣೆಗೆ ಬಂದವನು. ಹಳಿಯ ಪಕ್ಕದಲ್ಲೇ ನಮ್ಮ ಕಾಲೊನಿ. ಅಲ್ಲಿ ಹೆಂಗಸರ ಒಂದು ಸಮಿತಿಯಿತ್ತು. ಮೊದಮೊದಲು ಸಾಹೇಬರ ಹೆಂಡಂದಿರು ಸೇರಿ ಚಹಾ ಕುಡಿದು ಬಡವರಿಗೆ ಹಳೇ ಸೀರೆ ಹಂಚುತ್ತಿದ್ದರಂತೆ, ಅಷ್ಟೇ. ಒಮ್ಮೆ ಗದಗಿನ ಕಡೆಯ ಗ್ಯಾಂಗ್‌ಮನ್ ಒಬ್ಬ ಹಳಿಯ ಮೇಲೆ ಕೆಲಸ ಮಾಡುತ್ತಲೇ ಜೀವ ಬಿಟ್ಟ. ಅವನ ಹೆಂಡತಿಗೆ ಸೀರೆ ಕೊಡಲು ಹೋದರೆ ಆಕೆ ಕೈ ಚಾಚಲಿಲ್ಲ. "ಸೀರಿ ಬ್ಯಾಡ್ರಿ ಬಾಯಾರ. ಹರದ್ರ ಮತ್ತ ನಿಮ್ಮ ಬಾಗಲಿಗೆ ಬರಬೇಕಾಕ್ಕೈತಿ. ಕೆಲಸಾ ಕೊಡ್ರಿ" ಅಂದಳಂತೆ. ಆಕೆಯೇ ನೀಲಕ್ಕ. ಈ ಕಥೆಯನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಹೀಗೆ ಮೊದಲು ಒಂದು ಮಷೀನು ಬಂತು, ಆಮೇಲೆ ಒಂದು ಕೋಣೆಯೇ ತುಂಬಿತು. ಗಂಡನನ್ನು ಕಳೆದುಕೊಂಡವರು, ಗಂಡ ಕೈಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದವರು, ಎಲ್ಲರೂ ಅಲ್ಲಿ ಕೂತು ಖಾಕಿ ಅಂಗಿ ಹೊಲಿಯುತ್ತಿದ್ದರು. ಗಾರ್ಡುಗಳ ಕೆಂಪು, ಹಸಿರು ಬಾವುಟ ಹೊಲಿಯುತ್ತಿದ್ದರು. ಕತ್ತರಿ ಮತ್ತು ಕೀಲಿಕೈ ನೀಲಕ್ಕನ ಸೊಂಟದಲ್ಲಿ. ಹಸಿರು ತುಂಡುಗಳನ್ನು ಯಾರು ಬೇಕಾದರೂ ಒಯ್ಯಬಹುದಿತ್ತು. ಕಾಲೊನಿಯ ಅರ್ಧ ಹುಡುಗರು ಹಸಿರು ಚಡ್ಡಿಯಲ್ಲೇ ಬೆಳೆದರು. ಕೆಂಪು ತುಂಡು ಮಾತ್ರ ಪೆಟ್ಟಿಗೆಯೊಳಗೆ, ಬೀಗದಲ್ಲಿ. ಹಳಿಯ ಪಕ್ಕ ಕೆಂಪು ಬಟ್ಟೆ ಬೀಸಿದರೆ, ಬೀಸಿದವರು ಯಾರೇ ಇರಲಿ, ಗಾಡಿ ನಿಲ್ಲಲೇಬೇಕು.

ಸಾಲೆ ಬಿಟ್ಟ ಮೇಲೆ ನಾನು ಆ ಕೋಣೆಯಲ್ಲೇ ಬಿದ್ದಿರುತ್ತಿದ್ದೆ. ನೀಲಕ್ಕ ನನಗೆ ಸೂಜಿ ಹಿಡಿಯಲು ಕಲಿಸಿದಳು. ನಾನೋ ಎಡಗೈಯವಳು, ನನ್ನ ಹೊಲಿಗೆ ಎಲ್ಲರದಕ್ಕಿಂತ ಉಲ್ಟಾ ವಾಲುತ್ತಿತ್ತು. "ಏನವ್ವಾ ಇದು, ಎತ್ತು ಉಚ್ಚಿ ಹೊಯ್ದಂಗೈತಿ!" ಎಂದು ನಗುತ್ತ, ಬಿಚ್ಚಿಸಿ, ಮತ್ತೆ ಹೊಲಿಸುತ್ತಿದ್ದಳು. ಹಾಗೆ ಬೈಸಿಕೊಳ್ಳುವುದೂ ನನಗೆ ಇಷ್ಟವಾಗಿತ್ತು.

ಒಂದು ದಿನ ಆಕೆ ಪೆಟ್ಟಿಗೆ ತೆರೆದಿಟ್ಟು ನೀರು ಕುಡಿಯಲು ಎದ್ದಳು. ನಾನು ಕೆಂಪು ತುಂಡುಗಳನ್ನು ಕದ್ದೆ. ಹಿತ್ತಲಲ್ಲಿ ಕೂತು ನಾಲ್ಕು ದಿನ ಹೊಲಿದೆ. ಲಂಗವಾಯಿತು! ಅಪ್ಪ ಗೂಡ್ಸ್ ಗಾಡಿಯಲ್ಲಿ ದೌಂಡ್ ಕಡೆ ಹೊರಟಿದ್ದ. ಬರುವುದು ಮೂರು ದಿನಕ್ಕೆ. ಅಲ್ಲಿಯತನಕ ಯಾರು ಕಾಯುತ್ತಾರೆ? ಹಳಿಯ ಪಕ್ಕ ನಿಂತು, ಅಪ್ಪನಿಗೆ ಕಾಣಲೆಂದು ಲಂಗವನ್ನು ಎತ್ತಿ ಎತ್ತಿ ಬೀಸಿದೆ. ಗಾರ್ಡು ಕೊನೆಯ ಡಬ್ಬಿಯಲ್ಲಿರುತ್ತಾನೆ, ಮೊದಲು ಬರುವವನು ಡ್ರೈವರು ಎಂಬುದು ಗಾರ್ಡನ ಮಗಳ ತಲೆಗೆ ಹೊಳೆಯಬಾರದೇ? ಇಡೀ ಗಾಡಿ ಕಿರುಗುಟ್ಟುತ್ತ ನಿಂತಿತು. ನಾನು ಲಂಗ ಅಲ್ಲೇ ಬಿಸಾಕಿ ಓಡಿದೆ.

ಮರುದಿನ ಸಾಹೇಬರೊಬ್ಬರು ಆ ಲಂಗ ಹಿಡಿದು ಹೊಲಿಗೆ ಕೋಣೆಗೆ ಬಂದರು. ಯಾವುದೋ ಹುಡುಗಿ ಓಡಿದ್ದನ್ನು ಡ್ರೈವರು ನೋಡಿದ್ದ, ಮುಖ ಕಂಡಿರಲಿಲ್ಲ. ಗಾರ್ಡನ ಮಗಳೇ ಗಾರ್ಡನ ಗಾಡಿ ನಿಲ್ಲಿಸಿದಳು ಎಂದಾಗಿದ್ದರೆ ಅಪ್ಪನ ನೌಕರಿಗೇ ಸಂಚಕಾರ. ಗದ್ದಲ ಕೇಳಿ ಬಂದಿದ್ದ ಅವ್ವನ ಸೆರಗಿನ ಹಿಂದೆ ನಾನು ಅಡಗಿ ನಿಂತಿದ್ದೆ.

"ಇದು ಯಾರ ಹೊಲಿಗಿ? ನಿನಗ ಗೊತ್ತಾಗೂದಿಲ್ಲೇನು?" ಎಂದು ಸಾಹೇಬರು ಕೇಳಿದರು.

ನೀಲಕ್ಕ ಲಂಗವನ್ನು ತಿರುವಿ ನೋಡಿದಳು. ಅಂಚಿನುದ್ದಕ್ಕೂ ಬೆರಳಾಡಿಸಿದಳು. "ಇಲ್ರಿ. ನನ್ನ ಕಡೆ ಕಲತವರ ಹೊಲಿಗಿ ಅಲ್ರಿ ಇದು. ಪೆಟಗಿ ತಗದಿಟ್ಟಾಕಿ ನಾನು. ತಪ್ಪು ನಂದು."

ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಇನ್ನೊಂದು ಹೇಳಿದರೆ ನೀವು ನನಗೆ ಛೀ ಅನ್ನುತ್ತೀರಿ: ನನ್ನ ಹೊಲಿಗೆ ಆಕೆಗೆ ಗುರುತು ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಸಿಟ್ಟೂ ಬಂದಿತ್ತು.

ಸಾಹೇಬರು ಲಂಗವನ್ನು ಆಕೆಯ ಮುಂದೆ ಒಗೆದು, ಸುಟ್ಟುಹಾಕಲು ಹೇಳಿ ಹೋದರು. ಸಮಿತಿಯವರು ಕೀಲಿಕೈ ಇಸಿದುಕೊಂಡರು. ಆಕೆ ಕೇಳಿದ್ದರಿಂದಲೇ ಹುಟ್ಟಿದ ಕೋಣೆಗೆ ಆಕೆಯೇ ಬರಬಾರದೆಂದಾಯಿತು. ತಿಂಗಳೊಳಗೆ ನೀಲಕ್ಕ ಬಾರಾಮತಿಯ ತಂಗಿಯ ಮನೆಗೆ ಹೊರಟುಹೋದಳು. ನಾನು ಬಾಯಿ ಬಿಡಲಿಲ್ಲ. ಅವತ್ತೂ ಇಲ್ಲ, ಮದುವೆಗೆ ಕೌದಿ ಬಂದಾಗಲೂ ಇಲ್ಲ. ಆಕೆ ತೀರಿಕೊಂಡ ಸುದ್ದಿ ಬಂದ ದಿನ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅತ್ತೆ. ಬಾರಾಮತಿ ಎಷ್ಟು ದೂರ, ಹೇಳಿ? ಮುಂಜಾನೆ ಹೋದರೆ ಸಂಜೆಗೆ ಮನೆ.

ಮೊನ್ನೆ ಗ್ಯಾಲರಿಯಲ್ಲಿ ಸೊಸೆ ಆ ಕಡೆ, ನಾನು ಈ ಕಡೆ ಹಿಡಿದು ಕೌದಿ ಬಿಡಿಸಿದೆವು. ಖಾಕಿ ತುಂಡು, ಹಸಿರು ತುಂಡು, ಅವ್ವನದೊಂದು ಹಳೇ ಸೀರೆಯ ತುಂಡು. ನಟ್ಟನಡುವೆ ಅಂಗೈಯಗಲದ ಕೆಂಪು. ಅದರ ಒಂದು ಬದಿಯ ದೊಡ್ಡ ದೊಡ್ಡ ಹೊಲಿಗೆಗಳು ಉಲ್ಟಾ ವಾಲಿದ್ದವು. ಎಲ್ಲವನ್ನೂ ಬಿಚ್ಚಿಸಿ ಹೊಲಿಸುತ್ತಿದ್ದ ನೀಲಕ್ಕ ಇದನ್ನು ಮಾತ್ರ ಬಿಚ್ಚಿರಲಿಲ್ಲ. ಸುತ್ತಲೂ ತನ್ನ ಸಣ್ಣ ಹೊಲಿಗೆ ಹಾಕಿ ಭದ್ರ ಮಾಡಿದ್ದಳು.

"ಯಾಕ್ರಿ ಅತ್ತಿ, ಕಣ್ಣಾಗ ನೀರು?" ಸೊಸೆ ಗಾಬರಿಯಾದಳು. "ಈ ನಡುವಿನ ತುಂಡು ಯಾರು ಹಿಂಗ ಸೊಟ್ಟ ಹೊಲದಾರ?"

ನನಗೆ ಆ ಗಳಿಗೆಯಲ್ಲಿ ನೀಲಕ್ಕ ಬೇಕಾಗಿದ್ದಳು. ಬೈಯಲಿಕ್ಕಾದರೂ ಸರಿ, ಒಮ್ಮೆ ಬೇಕಾಗಿದ್ದಳು.

"ನಾನು" ಎಂದೆ. "ಕೂಡವ್ವಾ, ಹೇಳ್ತೀನಿ. ನೀಲಕ್ಕ ಅಂತ ಒಬ್ಬಾಕಿ ಇದ್ದಳು."